ತಂತಿ ಯಾರದ್ದು, ಆಟ ಯಾರದ್ದು?

ಜಾತ್ರೆ ದಿನ ಬಸ್ ಸ್ಟ್ಯಾಂಡಿನಲ್ಲಿ ಜನ ಮುಗಿಬಿದ್ದು ಬಸ್ಸಿನೊಳಗೆ ತುಂಬಿಕೊಳ್ಳುತ್ತಾರೆ. ಆಮೇಲೆ ಡ್ರೈವರ್ ಬಂದು ನೋಡಿದರೆ ಅವನಿಗೇ ಹತ್ತಲು ಜಾಗವಿಲ್ಲ! 1993ರ ಡಿಸೆಂಬರ್ 10ರಂದು ಅಮೆರಿಕದಲ್ಲಿ ಆದದ್ದು ಥೇಟ್ ಇದೇ.

ಟೆಕ್ಸಾಸ್ ರಾಜ್ಯದ ಮೆಸ್ಕೀಟ್ ಎಂಬ ಊರು. ಅಲ್ಲಿ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ, ಬೆರಳೆಣಿಕೆಯ ಜನ. ಅವರು ‘ಡೂಮ್’ ಎಂಬ ಕಂಪ್ಯೂಟರ್ ಆಟ ಸಿದ್ಧಮಾಡಿ, ವಿಸ್ಕಾನ್ಸಿನ್‌ನ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಇಂಟರ್‌ನೆಟ್ ಮೂಲಕ ಏರಿಸಬೇಕಿತ್ತು. ಆಟ ಇವತ್ತು ಬರುತ್ತದಂತೆ ಅಂತ ಸುದ್ದಿ ಕೇಳಿದ ಜನ ಆ ಕಂಪ್ಯೂಟರಿನ ಬಾಗಿಲಲ್ಲಿ ಆಗಲೇ ಠಿಕಾಣಿ ಹೂಡಿದ್ದರು. ಇದ್ದಬದ್ದ ಸೀಟೆಲ್ಲ ಭರ್ತಿ. ಆಟ ತಂದವರಿಗೇ ಒಳಗೆ ಹೋಗಲು ದಾರಿಯಿಲ್ಲ! ಕೊನೆಗೆ ಆ ಕಂಪ್ಯೂಟರಿನ ಉಸ್ತುವಾರಿ ನೋಡುವವರು ಒಂದಿಷ್ಟು ಸೀಟು ಹೆಚ್ಚಿಗೆ ಮಾಡಿ ಆಟವನ್ನು ಒಳಗೆ ಬಿಟ್ಟುಕೊಂಡರು.

ಆ ಆಟದಲ್ಲಿ ಇದ್ದದ್ದಾದರೂ ಏನು? ಭೂತಪ್ರೇತಗಳು ತುಂಬಿದ ಕತ್ತಲ ಓಣಿಗಳು, ಕೈಯಲ್ಲೊಂದು ಬಂದೂಕು. ಅಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಲ್ಕು ಕಂಪ್ಯೂಟರುಗಳಿಗೆ ತಂತಿ ಎಳೆದರೆ ನಾಲ್ಕು ಜನ ಒಂದೇ ಓಣಿಯೊಳಗೆ ಹೋಗಬಹುದಿತ್ತು. ಸೇರಿಕೊಂಡು ಭೂತ ಹೊಡೆಯಬಹುದು, ಇಲ್ಲವೇ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಬಹುದು. ಈ ಎರಡನೇ ಬಗೆಯ ಆಟಕ್ಕೆ ಕಂಪನಿಯ ಜಾನ್ ರೊಮೆರೊ ‘ಡೆತ್‌ಮ್ಯಾಚ್’ ಎಂದು ಹೆಸರಿಟ್ಟರು. ಹೆಸರು ಭಯಂಕರ. ಆಟಗಾರರ ಅಸಲಿ ಕಷ್ಟ ಮಾತ್ರ ಭೂತದ್ದಲ್ಲ, ತಂತಿಯದ್ದು.

ಫುಕ್ಕಟೆ ಸರಕು, ಗಟ್ಟಿ ವ್ಯಾಪಾರ

ತಂತಿಯ ಕಥೆಗೆ ಮೊದಲು ವ್ಯಾಪಾರದ ಕಥೆ. ಅಂಗಡಿ ಇಟ್ಟವರು ಇದನ್ನು ಕೇಳಬೇಕು.

ಡೂಮ್ ಆಟದಲ್ಲಿ ಮೂರು ಭಾಗ. ಮೊದಲ ಭಾಗ ಪೂರ್ತಿ ಧರ್ಮಕ್ಕೆ. ಯಾರು ಬೇಕಾದರೂ ಆಡಬಹುದು, ಫ್ಲಾಪಿಗೆ ನಕಲು ಮಾಡಿ ಗೆಳೆಯರಿಗೆ ಕೊಡಬಹುದು. ರುಚಿ ಹತ್ತಿದವರು ಸುಮಾರು 40 ಡಾಲರ್ ಕಳಿಸಿದರೆ ಉಳಿದ ಎರಡು ಭಾಗ ಮನೆಗೆ ಬರುತ್ತಿತ್ತು. ಮಿಠಾಯಿ ಅಂಗಡಿಯಲ್ಲಿ ಒಂದು ಚೂರು ಕೈಗಿಟ್ಟು, ಆಮೇಲೆ ಅರ್ಧ ಕಿಲೋ ಕಟ್ಟಿಕೊಡುವ ಲೆಕ್ಕ.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಫುಕ್ಕಟೆ ಭಾಗವನ್ನು ಅಂಗಡಿಯವರು ಫ್ಲಾಪಿಗೆ ಹಾಕಿ ಮಾರಿಕೊಳ್ಳಬಹುದು, ಬಂದ ಕಾಸು ಅಂಗಡಿಯವರದ್ದೇ, ಕಂಪನಿಗೆ ಒಂದು ಪೈಸೆ ಕೊಡಬೇಕಿಲ್ಲ ಅಂದರು. ಹುಚ್ಚರೇ ಇವರು ಅನ್ನಿಸಬಹುದು. ಆದರೆ ತಮ್ಮ ಸರಕಿನ ಜಾಹೀರಾತನ್ನು ಊರೂರ ಅಂಗಡಿಯವರೇ ದುಡ್ಡು ಮಾಡಿಕೊಂಡು ಮಾಡುವ ಹಾಗೆ ಏರ್ಪಾಟು ಮಾಡಿದ್ದರು. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ನಾಲ್ವರು ಸೇರಿ ಆಡಬೇಕೆಂದರೆ ನಾಲ್ಕು ಕಂಪ್ಯೂಟರಿನಲ್ಲೂ ಆಟ ಇರಬೇಕು. ಫುಕ್ಕಟೆ ಭಾಗ ಹೇಗೂ ಎಲ್ಲರ ಹತ್ತಿರ ಇರುತ್ತಿತ್ತು.

ಆಫೀಸು ಬಿಟ್ಟ ಮೇಲೆ

ಆಟ ಸಿಕ್ಕಿತು. ಸರಿ, ನಾಲ್ಕು ಕಂಪ್ಯೂಟರ್ ಎಲ್ಲಿ? ಆ ಕಾಲಕ್ಕೆ ಅಮೆರಿಕದಲ್ಲೂ ಮನೆಗೆ ಒಂದು ಕಂಪ್ಯೂಟರ್ ಇದ್ದರೆ ಹೆಚ್ಚು. ತಂತಿ ಎಳೆದ ಕಂಪ್ಯೂಟರುಗಳ ಸಾಲು ಇದ್ದದ್ದು ಆಫೀಸು, ಕಾಲೇಜುಗಳಲ್ಲಿ. ಅದನ್ನು ಹಾಕಿಸಿದ್ದು ಲೆಕ್ಕಪತ್ರ ಕಳಿಸಲು, ಒಂದೇ ಪ್ರಿಂಟರಿನಲ್ಲಿ ಹತ್ತು ಜನ ಕಾಗದ ತೆಗೆಯಲು. ಸಂಜೆ ಸಾಹೇಬರ ಕಾರು ಗೇಟು ದಾಟಿದ್ದೇ ತಡ, ಅದೇ ತಂತಿಯ ಮೇಲೆ ಭೂತಗಳ ಓಡಾಟ ಶುರು!

ಆ ತಂತಿ ಹೇಗಿತ್ತು ಅಂತ ತಿಳಿದರೆ ಪಾಡು ಅರ್ಥವಾಗುತ್ತದೆ. ಟಿವಿ ಕೇಬಲ್ಲಿನಂಥ ಒಂದೇ ತೆಳ್ಳನೆಯ ಕೇಬಲ್ ಗೋಡೆಯುದ್ದಕ್ಕೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾಯುತ್ತಾ ಹೋಗುತ್ತಿತ್ತು. ಪ್ರತಿ ಕಂಪ್ಯೂಟರಿನ ಹಿಂದೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಒಂದು ಕೊಂಡಿ. ಈ ಜೋಡಣೆಗೆ ಇಂಜಿನಿಯರುಗಳು ಇಟ್ಟ ಹೆಸರು ‘ಬಸ್’. ನಿಜ, ಹೆಸರೇ ಬಸ್! ಒಂದೇ ರೂಟು, ದಾರಿಯುದ್ದಕ್ಕೂ ಸ್ಟಾಪುಗಳು. ಒಂದು ತುಂಡು ಕೇಬಲ್ಲಿನ ಉದ್ದ 185 ಮೀಟರ್ ದಾಟುವಂತಿಲ್ಲ, ಅದರ ಮೇಲೆ 30 ಕಂಪ್ಯೂಟರಿಗಿಂತ ಹೆಚ್ಚು ಕೂರುವಂತಿಲ್ಲ.

ಕೇಬಲ್ಲಿನ ಎರಡೂ ತುದಿಗೆ 50 ಓಮ್‌ನ ಒಂದೊಂದು ಪುಟ್ಟ ಮುಚ್ಚಳ ಹಾಕಲೇಬೇಕು. ಇಲ್ಲದಿದ್ದರೆ ತುದಿಗೆ ಹೋದ ಸಂದೇಶ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸು ಬಂದು, ಎದುರಿಗೆ ಬರುವ ಸಂದೇಶಕ್ಕೆ ಡಿಕ್ಕಿ ಹೊಡೆಯುತ್ತದೆ. ಇನ್ನೊಂದು ಫಜೀತಿ ಎಂದರೆ ನಡುವೆ ಎಲ್ಲೋ ಒಂದು ಕೊಂಡಿ ಸಡಿಲವಾದರೆ ಸತ್ತದ್ದು ಆ ಒಂದು ಕಂಪ್ಯೂಟರಲ್ಲ, ಇಡೀ ಸಾಲು! ಸೀರಿಯಲ್ ಸೆಟ್ಟಿನ ದೀಪದ ಸರದಲ್ಲಿ ಒಂದು ಬಲ್ಬು ಹೋದಂತೆ. ಯಾವ ಕೊಂಡಿ ಅಂತ ಯಾವ ಕಂಪ್ಯೂಟರೂ ಹೇಳುವುದಿಲ್ಲ. ಮೇಜಿನಡಿ ಮಂಡಿಯೂರಿ, ಒಂದೊಂದೇ ಕೊಂಡಿ ತಿರುಗಿಸಿ ನೋಡಬೇಕು. ಎಂಟು ಗಂಟೆಗೆ ಆಟ ಅಂತ ಕೂತವರು ಹತ್ತು ಗಂಟೆಗೂ ಮೇಜಿನಡಿಯಲ್ಲೇ!

ಗಂಟೆಯ ಸದ್ದು ಒಂದು, ಮನೆ ಎರಡು

ಕೇಬಲ್ ಸರಿಹೋಯಿತು ಅಂದುಕೊಳ್ಳಿ. ಮುಂದಿನದ್ದು ಕಾರ್ಡಿನ ಕಾಟ.

ಕೇಬಲ್ಲಿಗೆ ಸೇರಬೇಕಾದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ನೆಟ್‌ವರ್ಕ್ ಕಾರ್ಡ್ ಎಂಬ ಹಲಗೆ ಕೂರಿಸಬೇಕು. ಈ ಕಾರ್ಡಿಗೆ ಸಂದೇಶ ಬಂದಾಗ ಅದು ಗಂಟೆ ಬಾರಿಸಿ ಯಂತ್ರವನ್ನು ಕರೆಯಬೇಕು. ಗಂಟೆಗಳಿಗೆ ನಂಬರು ಉಂಟು. ಆಗಿನ ಕಾಲದ ಹೆಸರಾಂತ ಎನ್‌ಇ 2000 ಕಾರ್ಡ್ ಬರುತ್ತಿದ್ದದ್ದು 3ನೇ ನಂಬರಿಗೆ ಹೊಂದಿಸಿಕೊಂಡು. ಕಂಪ್ಯೂಟರಿನ ಎರಡನೇ ಸೀರಿಯಲ್ ಕಿಂಡಿಗೂ ಅದೇ 3ನೇ ನಂಬರು! ಒಂದೇ ವಠಾರದಲ್ಲಿ ಎರಡು ಮನೆಗೆ ಒಂದೇ ಸದ್ದಿನ ಕರೆಗಂಟೆ ಇದ್ದರೆ ಏನಾಗುತ್ತದೆ? ಹಾಲಿನವನು ಬಂದರೆ ಇಬ್ಬರೂ ಎದ್ದು ಬರುತ್ತಾರೆ, ಇಲ್ಲವೇ ಪಕ್ಕದವರು ನೋಡಿಕೊಳ್ಳಲಿ ಅಂತ ಇಬ್ಬರೂ ಸುಮ್ಮನಿರುತ್ತಾರೆ. ಕಂಪ್ಯೂಟರಿನಲ್ಲೂ ಹಾಗೇ. ಆಟ ಅರ್ಧಕ್ಕೆ ಮರಗಟ್ಟಿ ನಿಲ್ಲುತ್ತಿತ್ತು.

ಮದ್ದೇನು? ಸ್ಕ್ರೂಡ್ರೈವರ್ ಹಿಡಿದು ಡಬ್ಬ ಬಿಚ್ಚಿ, ಕಾರ್ಡಿನ ಮೇಲಿನ ಕಡ್ಡಿ ಗಾತ್ರದ ಪಿನ್ನುಗಳ ಮೇಲೆ ಕೂತ ಪುಟ್ಟ ಟೋಪಿ ಕಿತ್ತು ಬೇರೆ ಪಿನ್ನಿಗೆ ಹಾಕುವುದು. ಆಮೇಲೆ ಮತ್ತೆ ಡಬ್ಬ ಮುಚ್ಚಿ, ಚಾಲೂ ಮಾಡಿ, ಒಂದರ ಹಿಂದೆ ಒಂದು ಪುಟ್ಟ ಪ್ರೋಗ್ರಾಂ ಎಬ್ಬಿಸುವುದು. ಸಾಲದ್ದಕ್ಕೆ ಡೂಮ್ ಆಟಕ್ಕೆ 4 ಮೆಗಾಬೈಟ್ ನೆನಪಿನ ಜಾಗ ಬೇಕೇಬೇಕು. ಆಗಿನ ಎಷ್ಟೋ ಯಂತ್ರಗಳಲ್ಲಿ ಇದ್ದದ್ದೇ ಅಷ್ಟು. ಆದ್ದರಿಂದ ಬೇಡದ್ದನ್ನೆಲ್ಲ ಇಳಿಸಿ, ಬರೀ ಆಟಕ್ಕೆಂದೇ ಒಂದು ಫ್ಲಾಪಿ ಮಾಡಿಟ್ಟುಕೊಂಡು ಅದರಿಂದಲೇ ಯಂತ್ರ ಎಬ್ಬಿಸುತ್ತಿದ್ದರು. ಲಗೇಜು ಇಳಿಸಿ ಸೀಟು ಮಾಡಿಕೊಂಡ ಹಾಗೆ.

ಯಾರೂ ಯಾರಿಗೂ ಪಾಠ ಮಾಡಲಿಲ್ಲ. ಆಟ ಆಡಬೇಕು ಅನ್ನುವ ಹಟಕ್ಕೆ ಆ ಹುಡುಗರು ಡಬ್ಬ ಬಿಚ್ಚಿದರು, ಕೇಬಲ್ ಕತ್ತರಿಸಿದರು, ಕೊಂಡಿ ಒತ್ತಿದರು. ಎಷ್ಟೋ ಜನಕ್ಕೆ ಮುಂದೆ ಅದೇ ಅನ್ನದ ದಾರಿಯೂ ಆಯಿತು.

ಭಜನೆಯ ತಾಳ

ಆಟ ಶುರುವಾಯಿತು. ನಾಲ್ಕು ಯಂತ್ರ ಒಂದೇ ಓಣಿಯನ್ನು ಹೇಗೆ ತೋರಿಸುತ್ತವೆ? ಇಲ್ಲಿ ಇಡ್ ಕಂಪನಿಯ ಜಾನ್ ಕಾರ್ಮ್ಯಾಕ್ ಅವರ ಜಾಣತನ ನೋಡಬೇಕು.

ಚಿತ್ರವನ್ನು ತಂತಿಯ ಮೇಲೆ ಕಳಿಸಲು ಹೋದರೆ ತಂತಿ ಸಾಲದು. ಆದ್ದರಿಂದ ನಾಲ್ಕು ಯಂತ್ರವೂ ತನ್ನ ಪಾಡಿಗೆ ತಾನು ಇಡೀ ಆಟ ನಡೆಸುತ್ತದೆ. ತಂತಿಯ ಮೇಲೆ ಹೋಗುವುದು ಇಷ್ಟೇ: ಇಂಥವನು ಮುಂದೆ ಹೋದ, ಎಡಕ್ಕೆ ತಿರುಗಿದ, ಗುಂಡು ಹಾರಿಸಿದ. ಸೆಕೆಂಡಿಗೆ 35 ಬಾರಿ ಈ ಚೀಟಿ ಎಲ್ಲರಿಗೂ ಹಂಚಿಕೆಯಾಗುತ್ತದೆ. ನಾಲ್ವರ ಚೀಟಿಯೂ ಕೈಸೇರಿದ ಮೇಲೇ ನಾಲ್ಕೂ ಯಂತ್ರ ಒಂದು ಹೆಜ್ಜೆ ಮುಂದಿಡುತ್ತವೆ. ಭಜನೆಯಲ್ಲಿ ನಾಲ್ವರು ತಾಳ ಹಾಕುವ ಲೆಕ್ಕ. ಎಲ್ಲರ ತಾಳ ಕೂಡಿದರೆ ಭಜನೆ. ಒಬ್ಬನ ಕೈ ಸೋತರೆ ಉಳಿದ ಮೂವರೂ ಅವನಿಗಾಗಿ ನಿಧಾನಿಸಬೇಕು.

ಹೀಗಾಗಿ ಒಬ್ಬನ ಹಳೇ ಯಂತ್ರ ನಿಧಾನವಾದರೆ ನಾಲ್ವರ ಆಟವೂ ನಿಧಾನ. ಅಪ್ಪಿತಪ್ಪಿ ಒಂದು ಯಂತ್ರದ ಲೆಕ್ಕ ಉಳಿದವುಗಳಿಗಿಂತ ಕೂದಲೆಳೆ ಬೇರೆಯಾದರೆ ಆಟವೇ ಬಂದ್. ಬಡವನ ಯಂತ್ರ, ಸಾಹುಕಾರನ ಯಂತ್ರ ಎಂಬ ಭೇದವಿಲ್ಲ. ಎಲ್ಲರೂ ಒಂದೇ ತಾಳಕ್ಕೆ ಕಟ್ಟುಬಿದ್ದವರು. ಇದನ್ನು ದೋಷ ಅನ್ನುವುದೋ, ಗುಣ ಅನ್ನುವುದೋ? ಜೊತೆಗಾರನ ಯಂತ್ರ ಸರಿಮಾಡಿಕೊಡದೆ ತನ್ನ ಆಟ ಸಾಗುವುದಿಲ್ಲ ಅಂತಾದ ಮೇಲೆ ಮೂವರೂ ಎದ್ದು ನಾಲ್ಕನೆಯವನ ಮೇಜಿಗೆ ಹೋಗುವುದೊಂದೇ ದಾರಿ.

ಸಂತೆಯಲ್ಲಿ ಕೂಗಿದ ಹಾಗೆ

ಇಷ್ಟಾದರೂ ತಕರಾರು ಎದ್ದದ್ದು ಬೇರೆ ಕಡೆಯಿಂದ. ಆಡದೇ ಇದ್ದವರಿಂದ.

ಮೊದಲ ಡೂಮ್‌ನಲ್ಲಿ ಆ ಚೀಟಿಗಳ ಮೇಲೆ ವಿಳಾಸ ಬರೆಯುತ್ತಿರಲಿಲ್ಲ. ಎಲ್ಲರಿಗೂ ಕೇಳಲಿ ಅಂತ ಕೂಗಿಬಿಡುತ್ತಿತ್ತು. ಸಂತೆಯಲ್ಲಿ ಒಬ್ಬ ತನ್ನ ತಮ್ಮನನ್ನು ಕರೆಯಲು “ಏಯ್!” ಅಂತ ಕೂಗಿದರೆ ಇಡೀ ಸಂತೆ ಹಿಂತಿರುಗಿ ನೋಡುವುದಿಲ್ಲವೇ? ತರಕಾರಿ ತೂಗುವವನು ತಕ್ಕಡಿ ಬಿಟ್ಟು ನೋಡುತ್ತಾನೆ, ತನಗಲ್ಲ ಅಂತ ಗೊತ್ತಾಗಿ ಮತ್ತೆ ತೂಗುತ್ತಾನೆ. ಒಂದು ಸಲವಾದರೆ ಸರಿ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕೂಗಿದರೆ? ತೂಗುವವನು ತೂಗುವುದು ಯಾವಾಗ?

ಆ ಜಾಲಕ್ಕೆ ಸೇರಿದ ಪ್ರತಿ ಕಂಪ್ಯೂಟರಿನ ಪಾಡೂ ಅದೇ ಆಯಿತು. ಯಾವುದೋ ಕೋಣೆಯಲ್ಲಿ ನಾಲ್ವರು ಭೂತ ಹೊಡೆಯುತ್ತಿದ್ದರೆ, ಮೇಲಿನ ಮಹಡಿಯಲ್ಲಿ ಪ್ರಬಂಧ ಟೈಪು ಮಾಡುತ್ತಿದ್ದ ವಿದ್ಯಾರ್ಥಿಯ ಯಂತ್ರವೂ ಪ್ರತಿ ಕೂಗಿಗೂ ತಲೆಯೆತ್ತಿ ನೋಡಬೇಕು. ಆಡಿದವರಿಗೆ ತಾವು ಮಾಡುತ್ತಿರುವುದು ಗೊತ್ತೇ ಇಲ್ಲ, ತೊಂದರೆಪಟ್ಟವರಿಗೆ ಕಾರಣ ಗೊತ್ತಿಲ್ಲ.

ಗೊತ್ತಾದ ಮೇಲೆ ಬಿಡುತ್ತಾರೆಯೇ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಈ ಆಟವನ್ನು ಜಾಲದ ಮೇಲೆ ಆಡಬೇಡಿ ಎಂದು ತಕ್ಷಣ ನೋಟೀಸು ಹೊರಟಿತು. ಇಂಟೆಲ್ ಕಂಪನಿಯೂ ತನ್ನ ಜಾಲದಲ್ಲಿ ಆಟಕ್ಕೆ ನಿಷೇಧ ಹಾಕಿತು. ಕಂಪ್ಯೂಟರಿನ ಮಿದುಳು ತಯಾರಿಸುವ ಕಂಪನಿಗೇ ಆಟದ ಬಿಸಿ ತಟ್ಟಿತ್ತು ಅನ್ನಿ!

ಇಲ್ಲಿ ತಪ್ಪು ಯಾರದ್ದು? ಕೂಗುವಂತೆ ಬರೆದ ಪ್ರೋಗ್ರಾಂ ತಪ್ಪೇ ಸರಿ. ಹುಡುಗರದ್ದೂ ಪೂರ್ತಿ ನಿರ್ದೋಷವಲ್ಲ. ತಂತಿ ಅವರಪ್ಪನದ್ದಲ್ಲ, ಎಲ್ಲರ ಕೆಲಸಕ್ಕೆ ಹಾಕಿಸಿದ್ದು. ಬೀದಿ ನಲ್ಲಿಗೆ ಮೋಟರು ಹಾಕಿ ಎಳೆದರೆ ಪಕ್ಕದ ಮನೆ ಕೊಡ ಖಾಲಿ ಅಂತ ಯಾರಿಗೆ ಗೊತ್ತಿಲ್ಲ? ಒಳ್ಳೆಯದೇನೆಂದರೆ ಕಂಪನಿ ಜಗಳಕ್ಕೆ ನಿಲ್ಲಲಿಲ್ಲ. ಎರಡೇ ತಿಂಗಳಲ್ಲಿ, 1994ರ ಫೆಬ್ರವರಿಯಲ್ಲಿ, 1.2 ಎಂಬ ತಿದ್ದಿದ ಆವೃತ್ತಿ ಪುಕ್ಕಟೆಯಾಗಿ ಬಂತು. ಚೀಟಿಗಳ ಮೇಲೆ ವಿಳಾಸ ಬಿತ್ತು. ಕೂಗು ನಿಂತಿತು.

ರಾತ್ರಿ ಪಾಳಿಯ ಒಪ್ಪಂದ

ಇನ್ನೊಬ್ಬರ ತಂತಿಯ ಮೇಲೆ ಆಡುವ ಈ ಚಾಳಿ ಡೂಮ್‌ನಿಂದ ಶುರುವಾದದ್ದಲ್ಲ. ಇಪ್ಪತ್ತು ವರ್ಷ ಹಿಂದಿನದು. 1973ರ ಸುಮಾರಿಗೆ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಕಲಿಯಲು ಬಂದ ಎಳೆಯ ಹುಡುಗರು ಇಮ್ಲಾಕ್ ಎಂಬ ಎರಡು ಯಂತ್ರಗಳ ನಡುವೆ ಒಂದು ತಂತಿ ಎಳೆದು ‘ಮೇಜ್ ವಾರ್’ ಎಂಬ ಓಣಿಯಾಟ ಕಟ್ಟಿದ್ದರು. ಎದುರಾಳಿ ಕಾಣುತ್ತಿದ್ದದ್ದು ಒಂದು ಕಣ್ಣಿನ ಗುಡ್ಡೆಯ ಹಾಗೆ! ಆ ಕೇಂದ್ರ ಇದ್ದದ್ದು ಆಕಾಶಯಾನದ ಸಂಶೋಧನೆಗೆ. ಹುಡುಗರು ಹುಡುಗರೇ.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದವರದ್ದು ಬೇರೆ ದಾರಿ. ಅಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಬರೆದರು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಚಿತ್ರವೇ ಇಲ್ಲ, ಬರೀ ಅಕ್ಷರ. ‘ಉತ್ತರಕ್ಕೆ ಹೋಗು’ ಅಂತ ಟೈಪು ಮಾಡಿದರೆ ಮುಂದೇನಿದೆ ಎಂದು ಬರಹದಲ್ಲಿ ಕಾಣುತ್ತದೆ. ಅದೇ ಹೊತ್ತಿಗೆ ಬೇರೊಬ್ಬನೂ ಅದೇ ಕಾಡಿನಲ್ಲಿ ಓಡಾಡುತ್ತಿರುತ್ತಾನೆ. ಹೊರಗಿನವರೂ ಫೋನ್ ಲೈನಿನ ಮೂಲಕ ಬಂದು ಆಡತೊಡಗಿದರು. ವಿಶ್ವವಿದ್ಯಾಲಯ ಬಾಗಿಲು ಹಾಕಲಿಲ್ಲ. ಹಗಲು ಕೆಲಸಕ್ಕೆ, ಹೊರಗಿನವರ ಆಟ ನಡುರಾತ್ರಿ ಕಳೆದ ಮೇಲೆ ಅಂತ ಹೊತ್ತು ಗೊತ್ತುಮಾಡಿತು. ಹೇಗೂ ಆಗ ಯಂತ್ರ ಸುಮ್ಮನೆ ಕೂತಿರುತ್ತಿತ್ತು.

ಹಗಲು ಅಂಗಡಿ, ರಾತ್ರಿ ಅದೇ ಜಗಲಿಯ ಮೇಲೆ ಭಜನೆ. ಒಪ್ಪಂದವೆಂದರೆ ಹೀಗಿರಬೇಕು.

ಫೋನಿನ ಬಿಲ್ಲು ಬಂತು

ಆಫೀಸಿನಲ್ಲಿ ಬೈಗುಳ ತಿಂದ ಹುಡುಗರು ಮನೆಯ ಫೋನಿನ ಕಡೆ ಕಣ್ಣು ಹಾಕಿದರು. ತಿದ್ದಿದ 1.2 ಆವೃತ್ತಿಯಲ್ಲಿ ಮೋಡೆಮ್ ಮೂಲಕ ಇಬ್ಬರು ಆಡುವ ಅನುಕೂಲ ಬಂದಿತ್ತು. ಪಕ್ಕಪಕ್ಕದಲ್ಲೇ ಎರಡು ಯಂತ್ರ ಇದ್ದರೆ ಮೋಡೆಮ್ಮೂ ಬೇಡ. ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ ಬರುವಂತೆ ಎರಡು ತಂತಿ ಅದಲುಬದಲು ಮಾಡಿದ ಒಂದು ಕೇಬಲ್ ಸಾಕು.

ಫೋನಿನಲ್ಲಿ ಆಡುವುದೇನೋ ಸರಿ. ಆಟದ ನಡುವೆ ಅತ್ತೆಯ ಮನೆಯಿಂದ ಫೋನು ಬಂದರೆ? ಅಮೆರಿಕದ ಫೋನುಗಳಲ್ಲಿ ಆಗಲೇ ಕಾಲ್ ವೇಟಿಂಗ್ ಇತ್ತು. ಅದರ ‘ಟುಂಯ್’ ಸದ್ದಿಗೇ ಮೋಡೆಮ್ ಕೈಬಿಟ್ಟು ಆಟ ಕಡಿದುಹೋಗುತ್ತಿತ್ತು. ಅದಕ್ಕೆ ನಂಬರಿಗೆ ಮುಂಚೆ ನಕ್ಷತ್ರದ ಗುಂಡಿ ಒತ್ತಿ 70 ತಿರುಗಿಸಿ ಕಾಲ್ ವೇಟಿಂಗ್ ಬಂದ್ ಮಾಡುವುದು ರೂಢಿಯಾಯಿತು. ಅಷ್ಟು ಹೊತ್ತು ಮನೆಯ ಫೋನು ಎಂಗೇಜ್. ಮನೆಯವರ ಮುಖ ಕೆಂಪು.

1994ರಲ್ಲಿ ಹ್ಯೂಸ್ಟನ್ ನಗರದಲ್ಲಿ ‘ಡ್ವಾಂಗೋ’ ಎಂಬ ವ್ಯಾಪಾರವೇ ಶುರುವಾಯಿತು. ದುಡ್ಡು ಕಟ್ಟಿ ಅಲ್ಲಿಗೆ ಫೋನು ಮಾಡಿದರೆ ಜೊತೆಗಾರರನ್ನು ಹುಡುಕಿಕೊಡುತ್ತಿದ್ದರು. ಮೊದಮೊದಲು ದೂರದೂರಿನವರು ಹ್ಯೂಸ್ಟನ್ನಿಗೇ ಟ್ರಂಕ್ ಕಾಲ್ ದರದಲ್ಲಿ ಫೋನು ಮಾಡಿ ಆಡಿದರು. ಬಿಲ್ಲು? ಎಸ್‌ಟಿಡಿ ಬೂತಿನಲ್ಲಿ ಕೆಂಪಂಕಿ ಓಡುವುದನ್ನು ಎದೆ ಹಿಡಿದುಕೊಂಡು ನೋಡಿದವರಿಗೆ ವಿವರಿಸಬೇಕಿಲ್ಲ.

ಆ ಬಿಲ್ಲಿನ ಉರಿಗೆ ನೀರು ಹಾಕಿದ್ದು 1995ರ ‘ಕಾಲಿ’ ಎಂಬ ಪುಟ್ಟ ಪ್ರೋಗ್ರಾಂ. ಡೂಮ್‌ಗೆ ಗೊತ್ತಿದ್ದದ್ದು ಆಫೀಸಿನ ಜಾಲದ ಭಾಷೆ, ಐಪಿಎಕ್ಸ್. ಇಂಟರ್‌ನೆಟ್ಟಿನ ಭಾಷೆಯೇ ಬೇರೆ. ಕಾಲಿ ಏನು ಮಾಡಿತು ಅಂದರೆ ಐಪಿಎಕ್ಸ್ ಲಕೋಟೆಯನ್ನು ಹಾಗೇ ಎತ್ತಿ ಇಂಟರ್‌ನೆಟ್ಟಿನ ದೊಡ್ಡ ಲಕೋಟೆಯೊಳಗೆ ಹಾಕಿ ಕಳಿಸಿತು. ಆ ತುದಿಯಲ್ಲಿ ಹೊರಗಿನ ಲಕೋಟೆ ಹರಿದು ಒಳಗಿನದನ್ನು ಕೊಟ್ಟಿತು. ಎದುರಾಳಿ ಸಮುದ್ರದಾಚೆ ಇದ್ದರೂ ಡೂಮ್ ಮಾತ್ರ ಅವನು ಪಕ್ಕದ ಮೇಜಿನವನು ಅಂತಲೇ ನಂಬಿತ್ತು!

ದೂರದ ಚೀಟಿ ತಡವಾಗಿ ಬರುವುದಂತೂ ತಪ್ಪಲಿಲ್ಲ. ಭಜನೆಯ ತಾಳ ದೂರಕ್ಕೆ ಒಗ್ಗಲಿಲ್ಲ. 1996ರಲ್ಲಿ ಅದೇ ಕಂಪನಿಯ ‘ಕ್ವೇಕ್’ ಆಟ ಬೇರೆ ದಾರಿ ಹಿಡಿಯಿತು. ನಡುವೆ ಒಬ್ಬ ಯಜಮಾನ ಯಂತ್ರ, ಅಂದರೆ ಸರ್ವರ್. ಲೆಕ್ಕ ಅದರದ್ದು, ಉಳಿದವು ಅದನ್ನು ಕೇಳಿ ತೋರಿಸುವಂಥವು. ಒಬ್ಬ ತಡವಾದರೆ ನಷ್ಟ ಅವನೊಬ್ಬನಿಗೇ. ಒಂದು ಮಾತು ಇಲ್ಲಿ ಗಂಟು ಹಾಕಿಕೊಳ್ಳಬೇಕು: ಆ ಯಜಮಾನನ ಪ್ರೋಗ್ರಾಂ ಆಟಗಾರರ ಕೈಗೂ ಸಿಗುತ್ತಿತ್ತು. ಯಾರು ಬೇಕಾದರೂ ತಮ್ಮ ಮನೆಯಲ್ಲೇ ಸರ್ವರ್ ಇಟ್ಟು ಹತ್ತು ಜನರನ್ನು ಆಟಕ್ಕೆ ಕರೆಯಬಹುದಿತ್ತು.

ಇತ್ತ ಕಡೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಮೇಲೆ ಬೆಂಗಳೂರಿನಿಂದ ಹಿಡಿದು ಜಿಲ್ಲಾ ಕೇಂದ್ರಗಳವರೆಗೆ ಸೈಬರ್ ಕೆಫೆಗಳು ಎದ್ದವು. ಬಸ್ ಸ್ಟ್ಯಾಂಡಿನ ಎದುರು, ಮೆಟ್ಟಿಲು ಹತ್ತಿ ಹೋದರೆ ಪ್ಲೈವುಡ್ ಅಡ್ಡಗಟ್ಟಿದ ಗೂಡುಗಳು. ರಿಸಲ್ಟು ನೋಡುವವರು, ಬಯೋಡೇಟಾ ಕಳಿಸುವವರು ಒಂದು ಕಡೆ. ಇನ್ನೊಂದು ಕಡೆ ‘ಕೌಂಟರ್ ಸ್ಟ್ರೈಕ್’ ಆಡುವ ಹುಡುಗರ ಗಲಾಟೆ.

ಕೌಂಟರ್ ಸ್ಟ್ರೈಕ್ 1999ರಲ್ಲಿ ಇಬ್ಬರು ಹುಡುಗರು ‘ಹಾಫ್ ಲೈಫ್’ ಎಂಬ ಆಟವನ್ನು ಮಾರ್ಪಡಿಸಿ ಕಟ್ಟಿದ್ದು. 2000ದಲ್ಲಿ ಮಾರಾಟಕ್ಕೆ ಬಂತು. ಅದಕ್ಕೆ ಇಂಟರ್‌ನೆಟ್ ಬೇಕೇಬೇಕು ಅಂತಿರಲಿಲ್ಲ. ಕೆಫೆಯ ಒಂದು ಯಂತ್ರವೇ ಸರ್ವರ್, ಉಳಿದವಕ್ಕೆ ಒಳಗೊಳಗೇ ತಂತಿ. ಹೊರಗಿನ ಲೈನು ಸತ್ತರೆ ಮೇಲ್ ನೋಡುವ ಗಿರಾಕಿ ಎದ್ದು ಹೋಗಬೇಕು. ಆಟದ ಗಿರಾಕಿ ಕದಲಬೇಕಿಲ್ಲ. ಕರೆಂಟು ಹೋದರೆ ಮಾತ್ರ ಎಲ್ಲರೂ ಸಮಾನರು!

ಓದು ಬಿಟ್ಟು ಹುಡುಗರು ಹಾಳಾದರು ಎಂಬ ದೂರು ಆಗ ಮನೆಮನೆಯಲ್ಲಿತ್ತು. ಸುಳ್ಳೂ ಅಲ್ಲ. ಗಂಟೆ ಲೆಕ್ಕದಲ್ಲಿ ದುಡ್ಡು ಸುರಿದವರು ಎಷ್ಟೋ ಜನ. ಆದರೆ ಆ ಗಲಾಟೆಯಲ್ಲಿ ಒಂದು ಮಾತು ಮರೆತುಹೋಯಿತು. ಆಟ ಕೆಫೆಯವನ ಯಂತ್ರದಲ್ಲಿತ್ತು. ತಂತಿ ಕೆಫೆಯವನದ್ದು. ಬಾಗಿಲು ತೆಗೆಯುವುದು, ಹಾಕುವುದು ಅವನ ಇಷ್ಟ. ಎಲ್ಲೋ ಕೂತ ಕಂಪನಿ ಸ್ವಿಚ್ ಆರಿಸಿ ಅವನ ಅಂಗಡಿಯ ಆಟ ನಿಲ್ಲಿಸುವಂತಿರಲಿಲ್ಲ.

ಈಗ ಸ್ವಿಚ್ ಯಾರ ಕೈಲಿ?

ಈಗ ತಂತಿಯ ಕಷ್ಟ ತೀರಿತು. ಕೊಂಡಿ ಇಲ್ಲ, ಮುಚ್ಚಳ ಇಲ್ಲ, ಮೇಜಿನಡಿ ಮಂಡಿಯೂರಬೇಕಿಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತ ಹುಡುಗ ಅಂಗೈ ಅಗಲದ ಫೋನಿನಲ್ಲಿ ನೂರು ಜನರ ಜೊತೆ ಆಡುತ್ತಾನೆ. ಡೇಟಾ ಪ್ಯಾಕಿನ ದುಡ್ಡು ಅವನೇ ಕೊಟ್ಟದ್ದು. ಅಲ್ಲಿಗೆ ಲೈನು ಅವನದ್ದಾಯಿತು. ಆಟ?

‘ದಿ ಕ್ರೂ’ ಎಂಬ ಕಾರು ಓಡಿಸುವ ಆಟವನ್ನು ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಾಟಕ್ಕೆ ತಂದಿತು. ಜನ ಪೂರ್ತಿ ಬೆಲೆ ಕೊಟ್ಟು ಕೊಂಡರು. ಒಬ್ಬರೇ ಕೂತು ಆಡಬೇಕಾದರೂ ಅದು ಕಂಪನಿಯ ಸರ್ವರಿಗೆ ಸೇರಲೇಬೇಕಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ಆರಿಸಿತು. ಕೊಂಡವರ ಮನೆಯಲ್ಲಿ ಡಿಸ್ಕ್ ಇದೆ, ಡಬ್ಬ ಇದೆ, ರಸೀದಿಯೂ ಇದೆ. ಆಟ ಇಲ್ಲ!

ದುಡ್ಡು ಕೊಟ್ಟು ಕೊಂಡ ಪ್ರೆಶರ್ ಕುಕ್ಕರನ್ನು ಹತ್ತು ವರ್ಷ ಬಿಟ್ಟು ಕಂಪನಿಯವನು ಬಂದು ಹೊತ್ತೊಯ್ದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಅದೇ ಪ್ರಶ್ನೆ ಎತ್ತಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ 2024ರಲ್ಲಿ ಎದ್ದಿತು. ಯುರೋಪಿನ ಒಕ್ಕೂಟಕ್ಕೆ ಕೊಡುವ ಅರ್ಜಿಗೆ 2025ರ ಜುಲೈ ತಿಂಗಳಲ್ಲಿ ಹತ್ತು ಲಕ್ಷ ಸಹಿ ದಾಟಿತು. ಕೇಳಿದ್ದು ದೊಡ್ಡದೇನಲ್ಲ. ಸರ್ವರ್ ಆರಿಸುವುದಾದರೆ ಆರಿಸಿ, ಹೋಗುವ ಮುಂಚೆ ಕೊಂಡವರು ತಾವೇ ಆಡಿಕೊಳ್ಳುವ ಒಂದು ದಾರಿ ಬಿಟ್ಟು ಹೋಗಿ ಅಂತ.

ಕಂಪನಿಯವರದ್ದೂ ಒಂದು ಮಾತುಂಟು. ಸರ್ವರಿಗೆ ಕರೆಂಟು ಬೇಕು, ಜನ ಬೇಕು. ಗಿರಾಕಿ ಕಮ್ಮಿಯಾದ ಮೇಲೆ ಅಂಗಡಿ ಎಷ್ಟು ದಿನ ತೆರೆದಿಡುವುದು? ವ್ಯಾಪಾರ ಮಾಡುವವರಿಗೆ ಇದು ಅರ್ಥವಾಗುವಂಥದ್ದೇ. ನಷ್ಟದಲ್ಲಿ ಅಂಗಡಿ ನಡೆಸಿ ಅಂತ ಯಾರೂ ಹೇಳಲಾರರು. ಆದರೆ ಅಂಗಡಿ ಮುಚ್ಚುವವನು ತನ್ನ ಬಾಗಿಲಿಗೆ ಬೀಗ ಹಾಕಬಹುದೇ ಹೊರತು ಗಿರಾಕಿಯ ಮನೆಯ ಬೀರುವಿಗಲ್ಲ.

ಹೀಗೂ ಮಾಡಬಹುದು ಎಂಬುದಕ್ಕೆ ಡೂಮ್ ಕಂಪನಿಯೇ ಸಾಕ್ಷಿ. 1997ರ ಡಿಸೆಂಬರ್‌ನಲ್ಲಿ ಅದು ಆಟದ ಒಳಗಿನ ಮೂಲ ಬರಹವನ್ನೇ ಜನರ ಮುಂದಿಟ್ಟಿತು. ನೋಡಿ, ತಿದ್ದಿಕೊಳ್ಳಿ ಅಂದಿತು. ಊರೂರಿನ ಜಾಣರು ಅದನ್ನು ಹೊಸ ಯಂತ್ರಗಳಿಗೆ ಒಗ್ಗಿಸಿದರು. ಆಟ ಬಂದು ಮೂವತ್ತು ವರ್ಷ ದಾಟಿದೆ. ಅದು ಹುಟ್ಟಿದ ಕಾಲದ ಕೇಬಲ್ಲುಗಳು ಗುಜರಿಗೆ ಹೋದವು, ಫ್ಲಾಪಿಗಳು ಬೂಷ್ಟು ಹಿಡಿದವು. ಆಟ ಮಾತ್ರ ನಡೆಯುತ್ತಲೇ ಇದೆ. ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಅಂದು ಆಫೀಸಿನ ಹುಡುಗರು ಕದ್ದದ್ದು ತಂತಿಯ ಹೊತ್ತನ್ನು ಮಾತ್ರ, ಆಟ ಅವರದ್ದೇ ಆಗಿತ್ತು. ಇಂದು ಲೈನಿನ ದುಡ್ಡೂ ಕೊಟ್ಟು, ಆಟದ ದುಡ್ಡೂ ಕೊಟ್ಟು, ಸ್ವಿಚ್ಚನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂತಾಗಿದೆ. ಮನೆಯ ಮಕ್ಕಳು ಆಟಕ್ಕೆ ದುಡ್ಡು ಕೇಳಿದಾಗ ಕೊಡಿ, ಬಿಡಿ, ಅದು ಅವರವರ ಮನೆ ವಿಚಾರ. ಕೊಡುವ ಮುಂಚೆ ಒಂದು ಮಾತು ಮಾತ್ರ ಕೇಳಿ: “ಲೈನು ಹೋದರೆ ಇದು ನಡೆಯುತ್ತೇನಪ್ಪಾ? ಕಂಪನಿ ಹೋದರೆ?”